ಕ್ಷೇಮವೆಂಬ ನೆಪ

ನಮ್ಮ ಕೊಪ್ಪಳ ಸೀಮೆಯ ಸುಶಿಕ್ಷಿತರಲ್ಲಿ, ಅದರಲ್ಲಿಯೂ ವಿಜ್ಞಾನವನ್ನಷ್ಟು ಓದಿಕೊಂಡವರಲ್ಲಿ, ಒಂದು ಮತವು ಬಹುಕಾಲದಿಂದ ಬೇರೂರಿ ನಿಂತಿದೆ. ಸಾಬೂನು, ಶಾಂಪೂ, ತಲೆಗೂದಲಿನ ಬಣ್ಣ, ಮುಖಕ್ಕೆ ಹಚ್ಚುವ ಲೇಪ, ಇವೇ ಮೊದಲಾದ ನಿತ್ಯೋಪಯೋಗಿ ವಸ್ತುಗಳನ್ನು ಅಂಗಡಿಗೆ ಕಳುಹಿಸುವುದಕ್ಕೆ ಮುನ್ನ ಅವುಗಳನ್ನು ಮೊಲದ ಕಣ್ಣಿಗೆ ಹಾಕಿ, ಇಲಿಯ ಹೊಟ್ಟೆಗೆ ಇಳಿಸಿ, ಗಿನಿಪಿಗ್ಗಿನ ಚರ್ಮಕ್ಕೆ ಹಚ್ಚಿ ನೋಡಿದ್ದು ಮರುಕ ಹುಟ್ಟಿಸುವಂಥದಾದರೂ ಅನಿವಾರ್ಯವಾಗಿತ್ತೆಂದೂ, ಮನುಷ್ಯನ ಕ್ಷೇಮಕ್ಕಾಗಿ ಅಷ್ಟು ಬೆಲೆಯನ್ನು ತೆರಲೇಬೇಕಾಗಿತ್ತೆಂದೂ, ಈಗಂತೂ ನಮ್ಮ ಸರಕಾರವೇ ಅದನ್ನು ನಿಷೇಧಿಸಿರುವುದರಿಂದ ಆ ಹಳೆಯ ಮಾತನ್ನು ಕೆದಕುವುದು ನಿರರ್ಥಕವೆಂದೂ ಈ ಮತದವರು ಹೇಳುತ್ತಾರೆ. ಹೀಗೆ ಹೇಳುವವರು ಕ್ರೂರಿಗಳಲ್ಲ; ಬೀದಿಯ ನಾಯಿಗೆ ರೊಟ್ಟಿ ಹಾಕುವವರು, ಬೇಸಗೆಯಲ್ಲಿ ಮಾಳಿಗೆಯ ಮೇಲೆ ಹಕ್ಕಿಗಳಿಗೆ ನೀರಿಡುವವರು. ಸಜ್ಜನರ ಬಾಯಿಂದ ಬರುವುದರಿಂದಲೇ ಈ ಮತಕ್ಕೆ ಬಲ ಬಂದಿದೆ, ಮತ್ತು ಆ ಕಾರಣದಿಂದಲೇ ಇದನ್ನು ಬುಡಸಮೇತ ಖಂಡಿಸಬೇಕಾಗಿದೆ.

ಮೊದಲು ನಡೆದದ್ದು ಏನೆಂಬುದನ್ನು ಕಣ್ಣುಮುಚ್ಚದೆ ನೋಡೋಣ. 1944ರಲ್ಲಿ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿ ಜಾನ್ ಡ್ರೇಜ್ ಎಂಬಾತನು ತನ್ನ ಸಹೋದ್ಯೋಗಿಗಳೊಂದಿಗೆ ಒಂದು ಪರೀಕ್ಷಾಕ್ರಮವನ್ನು ಪ್ರಕಟಿಸಿದನು. ಬಿಳಿಯ ಮೊಲವೊಂದನ್ನು ತಲೆ ಮಾತ್ರ ಹೊರಗಿರುವಂತೆ ಪೆಟ್ಟಿಗೆಯಲ್ಲಿ ಬಂಧಿಸಿ, ಅದರ ಕೆಳರೆಪ್ಪೆಯನ್ನು ಎಳೆದು, ಪರೀಕ್ಷೆಗೆ ಬಂದ ದ್ರವವನ್ನು ಒಂದು ಮಿಲಿಲೀಟರಿನ ಹತ್ತನೆಯ ಒಂದು ಪಾಲಿನಷ್ಟು ಕಣ್ಣಿನೊಳಗೆ ಬಿಟ್ಟು, ರೆಪ್ಪೆಯನ್ನು ಕ್ಷಣಕಾಲ ಒತ್ತಿಹಿಡಿದು, ಆಮೇಲೆ ಒಂದು ದಿನ, ಎರಡು ದಿನ, ಮೂರು ದಿನ, ಬೇಕಾದರೆ 21 ದಿನಗಳವರೆಗೂ ಆ ಕಣ್ಣು ಹೇಗೆ ಕೆಂಪಾಗುತ್ತದೆ, ಹೇಗೆ ಬಾಯುತ್ತದೆ, ಕರಿಗುಡ್ಡೆಯ ಮೇಲಿನ ಪಾರದರ್ಶಕವಾದ ಪೊರೆಯು ಹೇಗೆ ಮಂಜಾಗಿ ಹುಣ್ಣಾಗುತ್ತದೆ ಎಂಬುದಕ್ಕೆ ಅಂಕಗಳನ್ನು ಹಾಕುವುದು ಆ ಕ್ರಮ. ನೋವು ಶಮನ ಮಾಡುವ ಔಷಧವನ್ನು ಬಹುಕಾಲ ಕೊಡುತ್ತಿರಲಿಲ್ಲ. ಮೊಲವನ್ನೇ ಏಕೆ ಆರಿಸಿದರೆಂದರೆ ಅದು ಅಗ್ಗದ ಪ್ರಾಣಿ, ಸಾಧು ಪ್ರಾಣಿ, ಅದರ ಕಣ್ಣು ದೊಡ್ಡದು, ಮತ್ತು ಅದಕ್ಕೆ ಕಣ್ಣೀರು ಕಡಿಮೆ. ಕಣ್ಣಿಗೆ ಬಿದ್ದ ವಿಷವನ್ನು ತೊಳೆದುಕೊಳ್ಳಲು ನಮಗಿರುವಷ್ಟು ಅಶ್ರುಜಲವೂ ಇಲ್ಲದ ಜೀವಿಯೊಂದನ್ನು, ಆ ಅಸಹಾಯಕತೆಯನ್ನೇ ಗುಣವೆಂದು ಪರಿಗಣಿಸಿ, ಶಾಂಪೂವಿನ ಪರೀಕ್ಷೆಗೆ ನೇಮಿಸಿಕೊಂಡರು. ಈ ಒಂದು ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕಿಹೋಗುತ್ತದೆ.

ಎದುರುಪಕ್ಷಕ್ಕೆ ಒಂದು ಪ್ರಬಲವಾದ ವಾದವಿದೆ. ಅದನ್ನು ಮುಚ್ಚಿಟ್ಟು ಗೆಲ್ಲುವುದು ನನಗೆ ಬೇಡ. 1933ರಲ್ಲಿ ಅಮೆರಿಕೆಯಲ್ಲಿ ಲ್ಯಾಶ್ ಲ್ಯೂರ್ ಎಂಬ ಹೆಸರಿನ, ರೆಪ್ಪೆಗೂದಲನ್ನು ಕಪ್ಪಾಗಿಸುವ ಬಣ್ಣವೊಂದನ್ನು ಹಚ್ಚಿಸಿಕೊಂಡ ಸ್ತ್ರೀಯರ ಕಣ್ಣುಗಳು ಬಾತು ಕೀವುಗಟ್ಟಿ, ಕೆಲವರ ದೃಷ್ಟಿಯೇ ಹೋಗಿ, ಒಬ್ಬಳಂತೂ ಪ್ರಾಣವನ್ನೇ ಕಳೆದುಕೊಂಡಳು. 1937ರಲ್ಲಿ ಸಲ್ಫಾನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿದ ಕಂಪನಿಯೊಂದರ ದೆಸೆಯಿಂದ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕರು ಮಕ್ಕಳು, ಸತ್ತುಹೋದರು. ಒಂದು ಇಲಿಗೆ ಕುಡಿಸಿ ನೋಡಿದ್ದರೂ ಆ ದ್ರವದ ಗುಣ ತಿಳಿಯುತ್ತಿತ್ತೆಂಬುದು ನಿಜ. ಈ ದುರಂತಗಳ ನಡುವೆಯೇ 1938ರ ಅಮೆರಿಕೆಯ ಕಾನೂನು ಹುಟ್ಟಿತು, ಅದರ ಹಿಂದೆಯೇ ಡ್ರೇಜನ ಮೊಲ ಬಂದಿತು. ಇಷ್ಟನ್ನು ಒಪ್ಪಿಕೊಂಡ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಆ ಕಾನೂನು ವಸ್ತುವು ನಿರಪಾಯಕರವಾಗಿರಬೇಕೆಂದು ವಿಧಿಸಿತೇ ಹೊರತು ಅಂಗರಾಗಗಳನ್ನು ಪ್ರಾಣಿಯ ಮೇಲೆಯೇ ಪರೀಕ್ಷಿಸಬೇಕೆಂದು ಎಲ್ಲಿಯೂ ಕಡ್ಡಾಯ ಮಾಡಲಿಲ್ಲ. ಪ್ರಾಣಿಯನ್ನು ಆರಿಸಿಕೊಂಡವರು ಕಂಪನಿಗಳು. ಗಿರಾಕಿಯೊಬ್ಬನು ನ್ಯಾಯಾಲಯಕ್ಕೆ ಹೋದ ದಿನ ತಾವು ಪರೀಕ್ಷೆ ಮಾಡಿದ್ದೆವೆಂದು ತೋರಿಸಲು ಒಂದು ಕಾಗದ ಬೇಕಾಗಿತ್ತು, ಆ ಕಾಗದವನ್ನು ಮೊಲದ ಕಣ್ಣಿನಿಂದ ಬರೆಯಿಸಿಕೊಂಡರು. ಕ್ಷೇಮವು ಯಾರದು ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ: ಕೊಳ್ಳುವವನದಲ್ಲ, ಮಾರುವವನದು.

ಇದು ಕೇವಲ ನನ್ನ ಊಹೆಯೆಂದು ತಿಳಿಯಬೇಡಿರಿ. ಕುಷ್ಟಗಿಯ ಯಾವುದಾದರೂ ಕಿರಾಣಿ ಅಂಗಡಿಗೆ ಹೋಗಿ, ಬಾಗಿಲ ಮೇಲಿನಿಂದ ಮಾಲೆಮಾಲೆಯಾಗಿ ಇಳಿಬಿಟ್ಟ ಪಾಕೀಟುಗಳಲ್ಲಿ ತಲೆಗೂದಲಿನ ಬಣ್ಣದ ಒಂದನ್ನು ಕೊಂಡು, ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿರಿ. ಈ ವಸ್ತುವು ಕೆಲವರ ಚರ್ಮಕ್ಕೆ ಉರಿಯುಂಟುಮಾಡಬಹುದು, ಆದುದರಿಂದ ಮೊದಲು ಸ್ವಲ್ಪ ಹಚ್ಚಿ ಪರೀಕ್ಷಿಸಿಕೊಳ್ಳಬೇಕು, ಹುಬ್ಬಿಗೂ ರೆಪ್ಪೆಗೂದಲಿಗೂ ಹಚ್ಚಬಾರದು, ಹಚ್ಚಿದರೆ ಕುರುಡುತನ ಬರಬಹುದು ಎಂಬರ್ಥದ ಎಚ್ಚರಿಕೆಯನ್ನು ಮುದ್ರಿಸತಕ್ಕದ್ದೆಂದು ನಮ್ಮ ದೇಶದ ನಿಯಮವೇ ವಿಧಿಸಿದೆ. 1933ರಲ್ಲಿ ಆ ಸ್ತ್ರೀಯರ ಕಣ್ಣು ಕೆಡಿಸಿದ ಪದಾರ್ಥದ ಹೆಸರು ಪ್ಯಾರಾಫಿನೈಲೀನ್ ಡೈಅಮೀನ್. ಇಂದಿನ ಅನೇಕ ಬಣ್ಣಗಳಲ್ಲಿ ಇರುವುದೂ ಅದೇ. ಅಂದಿನಿಂದ ಇಂದಿನವರೆಗೆ ಆ ಪದಾರ್ಥವನ್ನು ಎಷ್ಟು ಪ್ರಾಣಿಗಳ ಮೈಗೆ ಹಚ್ಚಿದರು, ಎಷ್ಟು ಪ್ರಾಣಿಗಳ ಹೊಟ್ಟೆಗೆ ಇಳಿಸಿದರು! ಅಷ್ಟೆಲ್ಲ ಪ್ರಾಣಿಗಳು ನರಳಿ ಸತ್ತು ಸಾಕ್ಷಿ ನುಡಿದುದರ ಫಲವಾಗಿ ಆ ಪದಾರ್ಥವು ಅಂಗಡಿಯಿಂದ ಇಳಿಯಿತೆ? ಇಳಿಯಲಿಲ್ಲ, ಅದರ ಪಾಕೀಟಿನ ಮೇಲೆ ಒಂದು ವಾಕ್ಯ ಹೆಚ್ಚಾಯಿತು. ಮತ್ತು ಆ ವಾಕ್ಯವು ಹೇಳುವುದೇನು? ನೀನೇ ನಿನ್ನ ಕಿವಿಯ ಹಿಂದೆ ಹಚ್ಚಿಕೊಂಡು ನೋಡು ಎಂದು. ಮೊಲದಿಂದ ಪ್ರಾರಂಭವಾದ ಪರೀಕ್ಷೆಯು ಕುಷ್ಟಗಿಯ ಹೆಣ್ಣುಮಗಳ ಕಿವಿಯ ಹಿಂದೆ ಬಂದು ಮುಗಿಯುತ್ತದೆಂದಾದರೆ ನಡುವಿನ ಆ ನರಳಾಟವೆಲ್ಲವೂ ಯಾರ ಉಪಯೋಗಕ್ಕಾಗಿ ನಡೆಯಿತು?

ಇನ್ನು ಆ ಸಾಕ್ಷ್ಯವಾದರೂ ನಂಬತಕ್ಕದ್ದೆ? ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ನಮ್ಮ ಕುರಿಗಾಹಿಗಳಿಗೆಲ್ಲ ಗೊತ್ತು. ಆಡು ತಿಂದು ಅರಗಿಸಿಕೊಂಡಿತೆಂದು ಬೇಲಿಯ ಸೊಪ್ಪನ್ನು ತಂದು ಪಲ್ಯ ಮಾಡಿ ಮಕ್ಕಳಿಗೆ ಬಡಿಸುವ ತಾಯಿ ಯಲಬುರ್ಗಾದಲ್ಲಿ ಒಬ್ಬಳೂ ಇಲ್ಲ. ನಮ್ಮ ಹೆಂಗಸರು ಹೊಲದಲ್ಲಿ ಬಲ್ಲ ಈ ಮಾತನ್ನು ಪ್ರಯೋಗಶಾಲೆಯವರು ಬಹಳ ತಡವಾಗಿ ಒಪ್ಪಿಕೊಂಡರು. ಕೋಟ್ಯಂತರ ಮನುಷ್ಯರನ್ನು ಉಳಿಸಿದ ಪೆನಿಸಿಲಿನ್ ಗಿನಿಪಿಗ್ಗನ್ನು ಕೊಲ್ಲುತ್ತದೆ. ನಾವು ಮಕ್ಕಳ ಕೈಗಿಡುವ ಚಾಕೊಲೇಟು ನಾಯಿಗೆ ವಿಷ. ಇಲಿಗೆ ವಾಂತಿ ಮಾಡಿಕೊಳ್ಳುವ ಶಕ್ತಿಯೇ ಇಲ್ಲ. ಬೇರೆ ಬೇರೆ ಜಾತಿಗಳ ಮಾತು ಹಾಗಿರಲಿ, ಒಂದೇ ಜಾತಿಯ ಮೊಲದ ಕಣ್ಣನ್ನು ನೋಡಿ ಬೇರೆ ಬೇರೆ ಪ್ರಯೋಗಶಾಲೆಗಳು ಒಂದೇ ಮಾತನ್ನು ಹೇಳಿದವೆ? 1971ರಲ್ಲಿ ವೈಲ್ ಮತ್ತು ಸ್ಕಾಲಾ ಎಂಬ ಇಬ್ಬರು ಒಂದೇ ಬಗೆಯ ಪದಾರ್ಥಗಳನ್ನು ಅನೇಕ ಪ್ರಯೋಗಶಾಲೆಗಳಿಗೆ ಕಳುಹಿಸಿ ಪರೀಕ್ಷೆ ಮಾಡಿಸಿದಾಗ, ಒಂದು ಶಾಲೆಯು ಅಪಾಯವಿಲ್ಲವೆಂದ ಪದಾರ್ಥವನ್ನು ಇನ್ನೊಂದು ಶಾಲೆಯು ತೀವ್ರವಾದ ಉರಿಕಾರಿಯೆಂದಿತು. ಇಂಥ ಚಂಚಲವಾದ ತಕ್ಕಡಿಯಿಂದ ಗಂಗಾವತಿಯ ಭತ್ತದ ವ್ಯಾಪಾರಿಯು ಒಂದು ಚೀಲವನ್ನೂ ತೂಗಿಸಿಕೊಳ್ಳಲಾರನು. ಈ ಸಂಗತಿಯು ಪ್ರಕಟವಾದ ಮೇಲೆಯೂ ಆ ಪರೀಕ್ಷೆಯು ದಶಕಗಳವರೆಗೆ ನಡೆಯಿತೆಂಬುದೊಂದೇ, ಅದು ಜ್ಞಾನಕ್ಕಾಗಿ ನಡೆಯುತ್ತಿರಲಿಲ್ಲವೆಂಬುದಕ್ಕೆ ಸಾಕಾದ ಪ್ರಮಾಣ.

1937ರ ಆ ವಿಷದ್ರವದ ಕಥೆಗೂ ಮುಂದಿನ ಅಧ್ಯಾಯವುಂಟು, ಅದನ್ನು ನಮ್ಮ ವಾದಿಗಳು ಹೇಳುವುದಿಲ್ಲ. ಅದೇ ಡೈಎಥಿಲೀನ್ ಗ್ಲೈಕಾಲ್ ಸೇರಿಕೊಂಡ ಕೆಮ್ಮಿನ ಔಷಧದಿಂದ 2022ರಲ್ಲಿ ಆಫ್ರಿಕೆಯ ಗ್ಯಾಂಬಿಯಾದಲ್ಲಿ ಸುಮಾರು 70 ಎಳೆಯ ಮಕ್ಕಳು ಸತ್ತರೆಂಬ ಆರೋಪವು ಬಂದುದು ನಮ್ಮ ದೇಶದಲ್ಲಿ ತಯಾರಾದ ಔಷಧದ ಮೇಲೆ. ಆ ದ್ರವವು ವಿಷವೆಂದು ಲೋಕಕ್ಕೆ ತಿಳಿದು 85 ವರ್ಷಗಳಾಗಿದ್ದುವು. ಇನ್ನು ಸಾವಿರ ಮೊಲಗಳನ್ನು ಕೊಂದಿದ್ದರೂ ಆ ಮಕ್ಕಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಪೀಪಾಯಿಯಲ್ಲಿ ಬಂದ ಕಚ್ಚಾ ದ್ರವವನ್ನು ರಸಾಯನಶಾಸ್ತ್ರದ ಸಾಧಾರಣ ಪರೀಕ್ಷೆಗೆ ಒಳಪಡಿಸುವ ಪ್ರಾಮಾಣಿಕತೆ ಮತ್ತು ತಯಾರಕನು ಹಾಗೆ ಒಳಪಡಿಸಿದನೆ ಎಂದು ವಿಚಾರಿಸುವ ಅಧಿಕಾರಿ, ಇವೆರಡು ಅಲ್ಲಿ ಬೇಕಾಗಿದ್ದುವು. ಜನರ ಕ್ಷೇಮವು ಎಚ್ಚರವುಳ್ಳ ಆಡಳಿತದಿಂದ ಬರತಕ್ಕದ್ದು. ಅದಕ್ಕೆ ವೆಚ್ಚವಿದೆ, ಶ್ರಮವಿದೆ. ಆ ವೆಚ್ಚವನ್ನೂ ಶ್ರಮವನ್ನೂ ಉಳಿಸಿಕೊಂಡವರೇ ಮೊಲದ ಕಣ್ಣನ್ನು ನಮ್ಮೆದುರು ಹಿಡಿದು, ನೋಡಿರಿ, ನಿಮಗಾಗಿ ಇಷ್ಟೆಲ್ಲ ಮಾಡಿದೆವು ಎನ್ನುತ್ತಾರೆ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಮುನಿರಾಬಾದಿನ ಹತ್ತಿರದ ಹುಲಿಗಿಯಲ್ಲಿ ಹುಲಿಗೆಮ್ಮನ ಜಾತ್ರೆಯ ಕಾಲ ಬಂದಿತೆಂದರೆ ಪ್ರಾಣಿಬಲಿ ನಿಷೇಧದ ಮಾತು ಎಲ್ಲೆಡೆ ಕೇಳಿಬರುತ್ತದೆ. ದೇವಾಲಯದ ಆವರಣದಲ್ಲಿ ಬಲಿ ಕೊಡಕೂಡದೆಂದು 1959ರಷ್ಟು ಹಿಂದೆಯೇ ನಮ್ಮ ರಾಜ್ಯವು ಅಧಿನಿಯಮವನ್ನು ಮಾಡಿದೆ. ಅದನ್ನು ನಾನು ಮನಃಪೂರ್ವಕವಾಗಿ ಸಮರ್ಥಿಸುವವನು. ಆದರೆ ಹರಕೆಯ ಕುರಿಯನ್ನು ಹೆಗಲ ಮೇಲೆ ಹೊತ್ತು ಬಂದ ಹಳ್ಳಿಗನನ್ನು ಮೂಢನೆಂದೂ ಹಿಂಸಕನೆಂದೂ ಜರೆಯುವ ನಮ್ಮ ಪಟ್ಟಣಿಗರು, ತಮ್ಮ ಬಚ್ಚಲಿನ ಗೂಡಿನಲ್ಲಿರುವ ಸೀಸೆಗಳ ಹಿಂದಿನ ಬಲಿಯನ್ನು ವಿಜ್ಞಾನವೆಂದು ಕರೆದು ಸುಮ್ಮನಿರುವುದನ್ನು ಹೇಗೆ ಸಹಿಸಲಿ? ಆ ಹಳ್ಳಿಗನು ಕುರಿಯನ್ನು ಸಾಕಿದವನು, ಅದರ ಮುಖವನ್ನು ಬಲ್ಲವನು. ಮಗುವಿನ ಜ್ವರವೋ ಮಳೆಯಿಲ್ಲದ ಹೊಲವೋ ಯಾವುದೋ ಒಂದು ಪ್ರಾಣಸಂಕಟವು ಅವನನ್ನು ಅಲ್ಲಿಗೆ ತಂದಿದೆ. ಅವನದು ತಪ್ಪೇ. ಆದರೆ ಕೂದಲಿಗೆ ಹೊಸದೊಂದು ಪರಿಮಳ ಬೇಕೆಂಬುದಕ್ಕಾಗಿ, ಮುಖವನ್ನೂ ಕಾಣದ ಜೀವಿಯೊಂದು ದೂರದ ಕೋಣೆಯಲ್ಲಿ ಮೂರು ವಾರ ಕಣ್ಣು ಕೊಳೆಯಿಸಿಕೊಂಡದ್ದು ಅವನ ತಪ್ಪಿಗಿಂತ ಕಡಿಮೆಯದೆಂದು ಯಾವ ತೂಕದಿಂದ ಹೇಳುವುದು?

ನಾವು ಕೊಂದವರಲ್ಲ, ಕೊಂಡವರು ಮಾತ್ರ ಎಂದು ಕೆಲವರು ಹೇಳುವರು. ಈ ಮಾತನ್ನು ಕೊಪ್ಪಳದಲ್ಲಿ ನಿಂತು ಹೇಳಲು ನಾಲಗೆ ಏಳಬಾರದು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣನಗರವಿದು. ಜೈನರು ಮಹಾತೀರ್ಥವೆಂದು ಪೂಜಿಸಿ, ಬಸದಿಗಳನ್ನು ಕಟ್ಟಿಸಿ, ಸಲ್ಲೇಖನದಿಂದ ದೇಹವಿಟ್ಟ ನೆಲವಿದು. ವರಾಂಗಚರಿತೆಯನ್ನು ಬರೆದ ಜಟಾಸಿಂಹನಂದಿಯ ಪಾದಚಿಹ್ನೆಗಳನ್ನು ಇಂದಿಗೂ ಇಲ್ಲಿಯ ಬಂಡೆಯು ಹೊತ್ತಿದೆ. ಆ ಧರ್ಮದವರು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತವೆಂದು ವಿಂಗಡಿಸಿದರು. ತಾನು ಮಾಡಿದ್ದು, ಮತ್ತೊಬ್ಬನಿಂದ ಮಾಡಿಸಿದ್ದು, ಮತ್ತೊಬ್ಬನು ಮಾಡಿದ್ದಕ್ಕೆ ಸಮ್ಮತಿಸಿದ್ದು. ಹಣ ಕೊಟ್ಟು ಕೊಳ್ಳುವುದಕ್ಕಿಂತ ಸ್ಪಷ್ಟವಾದ ಸಮ್ಮತಿ ಮತ್ತಾವುದುಂಟು? 1209ರಲ್ಲಿ ಜನ್ನನು ಯಶೋಧರ ಚರಿತೆಯನ್ನು ಬರೆದಾಗ ಈ ವಿಚಾರವನ್ನು ಇನ್ನೂ ಆಳಕ್ಕೆ ಕೊಂಡೊಯ್ದನು. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಜೀವವುಳ್ಳ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಒಪ್ಪಿಸುತ್ತಾನೆ. ಆ ಸಂಕಲ್ಪಮಾತ್ರದ ಹಿಂಸೆಗಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ. ಹಿಟ್ಟಿನ ಕೋಳಿಗೂ ಲೆಕ್ಕ ಕೇಳಿದ ಸಾಹಿತ್ಯದ ವಾರಸುದಾರರಾದ ನಾವು, ರಕ್ತಮಾಂಸದ ಮೊಲದ ವಿಷಯದಲ್ಲಿ, ಅದು ಕಂಪನಿಯವರ ವ್ಯವಹಾರ, ನಮಗೇನು ಸಂಬಂಧ ಎಂದು ಕೈ ತೊಳೆದುಕೊಳ್ಳುವುದು ನಾಚಿಕೆಗೇಡು.

ಕಾನೂನು ಎಲ್ಲವನ್ನೂ ಸರಿಪಡಿಸಿತೆಂಬ ಸಮಾಧಾನವೊಂದು ಉಳಿದಿದೆ. ಕಾನೂನಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮೊದಲುಮಾಡಿದ ಪ್ರಯತ್ನದಿಂದ 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮವು ಬಂದಿತು. ಅದರ 14ನೆಯ ಪ್ರಕರಣವು ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದೆಯಾದರೂ ಯಾವುದಕ್ಕಾಗಿ ಕೊಟ್ಟಿದೆ ನೋಡಿರಿ: ಶರೀರವಿಜ್ಞಾನದ ಹೊಸ ತಿಳಿವಳಿಕೆಗಾಗಿ, ಪ್ರಾಣವನ್ನು ಉಳಿಸುವುದಕ್ಕಾಗಿ, ನೋವನ್ನು ಶಮನಗೊಳಿಸುವುದಕ್ಕಾಗಿ, ರೋಗವನ್ನೆದುರಿಸುವುದಕ್ಕಾಗಿ. ಈ ಮಾತುಗಳಲ್ಲಿ ಶಾಂಪೂವಿಗೆ ಎಡೆಯೆಲ್ಲಿ? ರೋಗಿಯ ಔಷಧದ ಪ್ರಶ್ನೆ ಕಠಿನವಾದದ್ದು, ಅದನ್ನು ನಾನಿಲ್ಲಿ ತೀರ್ಮಾನಿಸಲು ಹೊರಟಿಲ್ಲ. ತುಟಿಯ ಬಣ್ಣದ ಪ್ರಶ್ನೆಯಾದರೋ ಕಠಿನವಾದದ್ದೇ ಅಲ್ಲ. ಆದರೂ ಅಂಗರಾಗಗಳ ಪರೀಕ್ಷೆಗೆ ಯಾವ ಪ್ರಾಣಿಯನ್ನೂ ಬಳಸಕೂಡದೆಂಬ ನಿಯಮವು ನಮ್ಮಲ್ಲಿ ಹುಟ್ಟಬೇಕಾದರೆ 2014ರ ಮೇ ತಿಂಗಳು ಬರಬೇಕಾಯಿತು. ಹಾಗೆ ಪರೀಕ್ಷಿಸಿದ ವಸ್ತುಗಳ ಆಮದಿನ ನಿಷೇಧವು ಅದೇ ವರ್ಷದ ನವೆಂಬರಿನಲ್ಲಿ ಜಾರಿಗೆ ಬಂದಿತು. ಅಧಿನಿಯಮದಿಂದ ನಿಯಮಕ್ಕೆ 54 ವರ್ಷಗಳು. ಅಷ್ಟು ಕಾಲ ಅಗತ್ಯವೆಂಬ ಒಂದೇ ಶಬ್ದದ ನೆರಳಿನಲ್ಲಿ ಎಲ್ಲವೂ ನಡೆಯಿತು.

ಆ ಶಬ್ದವು ಎಷ್ಟು ಹಿಗ್ಗಬಲ್ಲುದೆಂಬುದನ್ನು ಆನೆಗೊಂದಿಯ ಕೋತಿಗಳ ನಡುವೆ ಕುಳಿತು ಯೋಚಿಸಬೇಕು. ಅಂಜನಾದ್ರಿಯನ್ನು ಹನುಮನ ಜನ್ಮಸ್ಥಾನವೆಂದು ನಂಬಿ ಮೆಟ್ಟಿಲೇರುವ ಜನರ ದೇಶವೇ ಒಂದು ಕಾಲದಲ್ಲಿ ಲಕ್ಷಾಂತರ ಕೋತಿಗಳನ್ನು ಹಡಗು ವಿಮಾನಗಳಲ್ಲಿ ತುಂಬಿ ಪರದೇಶಕ್ಕೆ ಮಾರಿತು. ಪೋಲಿಯೊ ಲಸಿಕೆಗೂ ವೈದ್ಯಕೀಯ ಸಂಶೋಧನೆಗೂ ಮಾತ್ರವೆಂಬ ಷರತ್ತಿತ್ತು. ಆ ಷರತ್ತನ್ನು ಮೀರಿ ಕೋತಿಗಳನ್ನು ಅಣ್ವಸ್ತ್ರದ ವಿಕಿರಣದ ಪ್ರಯೋಗಗಳಿಗೆ ಗುರಿಮಾಡಿದ ಸಂಗತಿ ಬಯಲಾಗಿ, ಮೊರಾರ್ಜಿ ದೇಸಾಯಿಯವರ ಸರಕಾರವು 1978ರಲ್ಲಿ ಆ ವ್ಯಾಪಾರವನ್ನು ಪೂರ್ತಿಯಾಗಿ ನಿಲ್ಲಿಸಿತು. ಮಗುವಿನ ಲಸಿಕೆಯ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಯುದ್ಧದ ಆಯುಧವು ಒಳನುಗ್ಗಿತು. ಬಾಗಿಲು ಒಮ್ಮೆ ತೆರೆದರೆ ಶಾಂಪೂವೂ ನುಗ್ಗುತ್ತದೆ, ಆಯುಧವೂ ನುಗ್ಗುತ್ತದೆ.

ಮುಚ್ಚಿದ ಬಾಗಿಲಿಗೂ ಹಿತ್ತಿಲ ದಾರಿ ಇದೆ. ಯೂರೋಪಿನವರು 2013ರ ಮಾರ್ಚ್ 11ರಿಂದ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಅಂಗರಾಗಗಳ ಮಾರಾಟವನ್ನೇ ನಿಷೇಧಿಸಿದರು. ಆದರೆ ಬಿಸಿಲಿನಿಂದ ಚರ್ಮವನ್ನು ಕಾಯುವ ಲೇಪದಲ್ಲಿ ಮಾತ್ರ ಬಳಸುವ ಎರಡು ಪದಾರ್ಥಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂದು ಅವರದೇ ರಾಸಾಯನಿಕ ಸಂಸ್ಥೆಯು ಇನ್ನೊಂದು ಕಾನೂನಿನ ಬಲದಿಂದ ಸಿಮ್ರೈಸ್ ಎಂಬ ಜರ್ಮನ್ ಕಂಪನಿಗೆ ಆಜ್ಞಾಪಿಸಿತು, ಕಾರ್ಖಾನೆಯ ಕೆಲಸಗಾರರ ಕ್ಷೇಮಕ್ಕಾಗಿಯಂತೆ. 2023ರ ನವೆಂಬರಿನಲ್ಲಿ ಅಲ್ಲಿಯ ನ್ಯಾಯಾಲಯವು ಆ ಆಜ್ಞೆಯನ್ನೇ ಎತ್ತಿಹಿಡಿಯಿತು. ಮತ್ತೆ ಅದೇ ಕ್ಷೇಮ! ನಮ್ಮ 2014ರ ನಿಯಮವೂ ಅಂಗರಾಗವೆಂಬ ಒಂದು ಶಬ್ದಕ್ಕೆ ಕಟ್ಟಿಹಾಕಿದ ನಿಯಮ. ಗಂಗಾವತಿಯ ಗೊಬ್ಬರದಂಗಡಿಗಳಲ್ಲಿ ಸಾಲಾಗಿ ನಿಂತ, ರೈತರು ಎಣ್ಣೆಯೆಂದು ಕರೆಯುವ ಕೀಟನಾಶಕದ ಡಬ್ಬಿಗಳನ್ನು ನೋಡಿರಿ. ಒಂದೊಂದರ ಮೇಲೂ ಕೆಂಪು, ಹಳದಿ, ನೀಲಿ ಅಥವಾ ಹಸುರು ಬಣ್ಣದ ತ್ರಿಕೋನವಿದೆ. ಆ ಬಣ್ಣವನ್ನು ನಿರ್ಣಯಿಸುವುದು, ಪರೀಕ್ಷೆಗೊಡ್ಡಿದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ವಿಷ ಬೇಕೆಂಬ ಲೆಕ್ಕ. 1927ರಲ್ಲಿ ಟ್ರೆವನ್ ಎಂಬಾತನು ಔಷಧಗಳ ಬಲವನ್ನು ಅಳೆಯಲೆಂದು ಕಲ್ಪಿಸಿದ ಕ್ರಮವದು. ದೇಹತೂಕದ ಕಿಲೋವೊಂದಕ್ಕೆ 50 ಮಿಲಿಗ್ರಾಮಿನೊಳಗೆ ಸತ್ತರೆ ಕೆಂಪು, 5000 ದಾಟಿದರೆ ಹಸುರು. ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಮೂವತ್ತು ಬೆಳೆಗಳ ಕಾಲ ಮೂಗಿಗೆ ಬಟ್ಟೆಯೂ ಇಲ್ಲದೆ ಆ ಎಣ್ಣೆ ಹೊಡೆದ ಕೂಲಿಯವನ ಪುಪ್ಪುಸಕ್ಕೆ ಏನಾಗುತ್ತದೆಂಬುದನ್ನು ಆ ತ್ರಿಕೋನವು ಹೇಳುವುದಿಲ್ಲ. ಇಲಿಯ ಸಾವಿನಿಂದ ಡಬ್ಬಿಗೆ ಬಣ್ಣ ಬಂದಿತು, ಕೂಲಿಯವನಿಗೆ ಒಂದು ಕೈಗವಸೂ ಬರಲಿಲ್ಲ.

ಬೇರೆ ದಾರಿಯಿಲ್ಲವೆಂಬ ಮಾತನ್ನಂತೂ ಇನ್ನು ಯಾರೂ ಆಡಕೂಡದು. 1980ರ ಏಪ್ರಿಲಿನಲ್ಲಿ ಹೆನ್ರಿ ಸ್ಪೈರಾ ಎಂಬ ಶಾಲಾ ಉಪಾಧ್ಯಾಯನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪೂರ್ಣಪುಟದಲ್ಲಿ ರೆವ್ಲಾನ್ ಎಂಬ ಅಂಗರಾಗದ ಕಂಪನಿಯನ್ನು ಬಹಿರಂಗವಾಗಿ ಪ್ರಶ್ನಿಸಿದ ಮೇಲೆ, ಆ ಕಂಪನಿಯು ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರು ಕೊಟ್ಟು ಪರ್ಯಾಯಕ್ರಮವನ್ನು ಹುಡುಕಿರೆಂದಿತು. ಡ್ರೇಜನಿಂದ ಅಲ್ಲಿಗೆ 36 ವರ್ಷ. ಅಷ್ಟು ವರ್ಷವೂ ಹಣವಿತ್ತು, ವಿದ್ವಾಂಸರಿದ್ದರು, ಕೇಳುವವನು ಇರಲಿಲ್ಲ. ಇಂದು ಮನುಷ್ಯನ ಜೀವಕೋಶಗಳಿಂದಲೇ ಬೆಳೆಯಿಸಿದ ಚರ್ಮದ ತುಣುಕುಗಳ ಮೇಲೆ ಉರಿಯ ಪರೀಕ್ಷೆ ನಡೆಯುತ್ತದೆ. ಆ ಕ್ರಮಕ್ಕೆ 2010ರಲ್ಲಿಯೇ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಔಷಧಗಳ ವಿಷಯದಲ್ಲಿಯೂ ಪ್ರಾಣಿರಹಿತ ಕ್ರಮಗಳನ್ನು ಅಂಗೀಕರಿಸಲು 2023ರಲ್ಲಿ ನಮ್ಮ ದೇಶವು ನಿಯಮವನ್ನು ತಿದ್ದಿದೆ. ಬೆಂಗಳೂರಿನಲ್ಲಿ ಪ್ರಯೋಗಶಾಲೆಯಿಂದ ಬಿಡುಗಡೆಯಾದ ಬೀಗಲ್ ನಾಯಿಗಳನ್ನು ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯವರು ಮನೆಗಳಿಗೆ ಒಪ್ಪಿಸಿದ್ದಾರೆ. ಪಂಜರದ ತಳವನ್ನು ಮಾತ್ರ ಬಲ್ಲ ಪಾದಗಳು ಹುಲ್ಲಿನ ಮೇಲೆ ಮೊದಲ ಹೆಜ್ಜೆಯಿಡಲು ಅಂಜುವುದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡವನು ಅನಿವಾರ್ಯವೆಂಬ ಶಬ್ದವನ್ನು ಸುಲಭವಾಗಿ ಉಚ್ಚರಿಸಲಾರನು.

ಯಲಬುರ್ಗಾದ ಬರದ ಭೂಮಿಯಲ್ಲಿ ಕುಳಿತವರಿಂದ ಏನಾದೀತೆಂದು ಕೇಳುವವರಿಗೆ ಕೊಪ್ಪಳದ ಗವಿಮಠದ ಬಂಡೆಯನ್ನು ತೋರಿಸಬೇಕೆನಿಸುತ್ತದೆ. ಗವಿಮಠ, ಪಾಲ್ಕಿಗುಂಡು ಎರಡು ಕಡೆಯೂ ಅಶೋಕನ ಕಿರುಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಉಪಾಸಕನಾದ ಮೊದಲ ವರ್ಷ ತಾನು ಧರ್ಮದಲ್ಲಿ ಹೆಚ್ಚು ಶ್ರಮಿಸಲಿಲ್ಲವೆಂದು ಚಕ್ರವರ್ತಿಯು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಇದು ದೊಡ್ಡವರಿಂದ ಮಾತ್ರವೇ ಆಗತಕ್ಕದ್ದಲ್ಲ, ಸಣ್ಣವನೂ ಪ್ರಯತ್ನಿಸಿದರೆ ಸಾಧಿಸಬಲ್ಲನೆಂದು ಹೇಳುತ್ತಾನೆ. ಒಂದು ರೂಪಾಯಿಯ ಶಾಂಪೂ ಪಾಕೀಟನ್ನು ಕೊಳ್ಳುವವನಿಗಿಂತ ಸಣ್ಣವನು ಈ ವ್ಯಾಪಾರದಲ್ಲಿ ಯಾರೂ ಇಲ್ಲ. ಆದರೆ ಆ ಕಂಪನಿಗಳು ಬೆಳೆದದ್ದು ಅವನ ರೂಪಾಯಿಗಳಿಂದಲೇ.

ಪ್ರತಿಯೊಂದು ಪೊಟ್ಟಣದ ಮೇಲೂ ದೂರು ಹೇಳಿಕೊಳ್ಳುವವರಿಗಾಗಿ ವಿಳಾಸವನ್ನು ಮುದ್ರಿಸಬೇಕೆಂದು ನಿಯಮವಿದೆ. ನಮ್ಮ ಮನೆಯಲ್ಲಿ ಬಳಸುತ್ತಿದ್ದ ಎರಡು ವಸ್ತುಗಳ ತಯಾರಕರಿಗೆ ನಾನು ಕನ್ನಡದಲ್ಲಿಯೇ ಕಾಗದ ಬರೆದೆನು: ನೀವು ಪರದೇಶಗಳಲ್ಲಿ ಮಾರುವ ಇದೇ ವಸ್ತುವಿಗಾಗಲಿ, ಇದರೊಳಗಿನ ಯಾವುದೇ ಪದಾರ್ಥಕ್ಕಾಗಲಿ ಈಗಲೂ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಸುತ್ತೀರಾ, ಮಾಡಿಸುತ್ತಿದ್ದರೆ ಎಲ್ಲಿ, ಯಾವ ಪ್ರಾಣಿಯ ಮೇಲೆ? ಒಬ್ಬರಿಂದ ಉತ್ತರವಿಲ್ಲ. ಇನ್ನೊಬ್ಬರು, ತಾವು ಆಯಾ ದೇಶದ ಕಾನೂನನ್ನು ಪಾಲಿಸುವುದಾಗಿ ಎರಡು ಸಾಲು ಬರೆದರು. ನಾನು ಕೇಳಿದ್ದು ಕಾನೂನನ್ನಲ್ಲ, ಪ್ರಾಣಿಯನ್ನು ಎಂದು ಅವರಿಗೆ ಮತ್ತೆ ಬರೆದಿದ್ದೇನೆ.